ಅತಿಥಿ ಬರೆಸುವ ಲಾಗ್, ಆತಿಥೇಯನಿಗೆ ಬೀಳುವ ಹೊರೆ

ಒಂದೇ ಸರ್ವರಿನೊಳಗೆ ಹಲವು ಗಣಕಯಂತ್ರಗಳನ್ನು ನಡೆಸುವ ಪದ್ಧತಿ ಇಂದು ದೊಡ್ಡ ಕಂಪನಿಗಳಿಗೆ ಮಾತ್ರ ಸೀಮಿತವಾಗಿ ಉಳಿದಿಲ್ಲ. ಹತ್ತು ಹದಿನೈದು ಕೆಲಸಗಾರರಿರುವ ಕಾರ್ಖಾನೆಯಲ್ಲಿ, ಸಗಟು ವ್ಯಾಪಾರದ ಮಳಿಗೆಯಲ್ಲಿ, ಮಂಡಿಯ ಕಚೇರಿಯಲ್ಲಿ ಸಹ ಮೂಲೆಯಲ್ಲಿ ಕುಳಿತ ಒಂದು ಸರ್ವರಿನೊಳಗೆ ಲೆಕ್ಕಪತ್ರಕ್ಕೊಂದು, ಹಾಜರಾತಿಗೊಂದು, ನಕ್ಷೆಗಳ ಸಂಗ್ರಹಕ್ಕೊಂದು ಎಂಬಂತೆ ಮೂರು ನಾಲ್ಕು ವರ್ಚುವಲ್ ಮಷಿನ್‌ಗಳು ನಡೆಯುತ್ತಿರುತ್ತವೆ. 2023ರ ನವೆಂಬರಿನಲ್ಲಿ ವಿಎಂವೇರ್ ಸಂಸ್ಥೆಯು ಬ್ರಾಡ್‌ಕಾಮ್ ಕೈಸೇರಿ, ಒಮ್ಮೆ ಹಣ ತೆತ್ತು ಶಾಶ್ವತವಾಗಿ ಬಳಸುವ ಪರವಾನಗಿಯ ಮಾರಾಟ ನಿಂತ ಮೇಲೆ, ಉಚಿತವಾಗಿ ದೊರೆಯುವ ಕೆವಿಎಂ, ಕ್ಯುಎಂಯು, ಜೆನ್ ಮುಂತಾದ ತಂತ್ರಾಂಶಗಳತ್ತ ಸಣ್ಣ ಉದ್ದಿಮೆದಾರರೂ ಕಣ್ಣು ಹಾಯಿಸತೊಡಗಿದರು. ಇವು ಬೆಲೆಯಿಲ್ಲದ ತಂತ್ರಾಂಶಗಳೇ ಹೊರತು ಹೊಣೆಯಿಲ್ಲದ ತಂತ್ರಾಂಶಗಳಲ್ಲ. ಅವುಗಳನ್ನು ಹೊಂದಿಸುವ ಭಾರ ಬಳಸುವವನ ಮೇಲೆಯೇ ಬೀಳುತ್ತದೆ. ಹಾಗೆ ಬೀಳುವ ಭಾರಗಳಲ್ಲಿ ಹೆಚ್ಚಿನವರ ಗಮನಕ್ಕೆ ಬಾರದ ಒಂದು ಸಂಗತಿಯನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಮೊದಲು ಎರಡು ಶಬ್ದಗಳು. ನಿಜವಾದ ಸರ್ವರ್ ಮತ್ತು ಅದನ್ನು ಆಳುವ ತಂತ್ರಾಂಶವನ್ನು ಆತಿಥೇಯ ಯಂತ್ರವೆಂದೂ, ಅದರೊಳಗೆ ನಡೆಯುವ ವರ್ಚುವಲ್ ಮಷಿನನ್ನು ಅತಿಥಿ ಯಂತ್ರವೆಂದೂ ಕರೆಯುವುದು ರೂಢಿ. ಅತಿಥಿಗೆ ತಾನೊಂದು ಸ್ವತಂತ್ರ ಗಣಕಯಂತ್ರವೆಂಬ ಭಾವನೆ. ಅದಕ್ಕೆ ತನ್ನದೇ ಡಿಸ್ಕು, ತನ್ನದೇ ನೆಟ್‌ವರ್ಕ್ ಕಾರ್ಡು, ತನ್ನದೇ ಸೀರಿಯಲ್ ಪೋರ್ಟು. ಆದರೆ ಇವೆಲ್ಲವೂ ಆತಿಥೇಯನು ನಟಿಸಿ ತೋರಿಸುವ ಸಾಧನಗಳು. ಅತಿಥಿಯು ಆ ಕಾರ್ಡಿಗೆ ಒಂದು ಆಜ್ಞೆ ಕೊಟ್ಟರೆ, ಆತಿಥೇಯನಲ್ಲಿರುವ ಒಂದು ಪ್ರೋಗ್ರಾಮು ಅದನ್ನು ಓದಿ, ಕಾರ್ಡು ಏನು ಮಾಡುತ್ತಿತ್ತೋ ಅದನ್ನು ಮಾಡಿ ತೋರಿಸುತ್ತದೆ.

ಲಾಗ್ ಎಂಬುದು ನಮ್ಮ ವರ್ತಕರಿಗೆ ಹೊಸ ಕಲ್ಪನೆಯೇನೂ ಅಲ್ಲ. ಅದು ಯಂತ್ರದ ಕಿರ್ದಿ ಪುಸ್ತಕ. ನಡೆದದ್ದನ್ನು ನಡೆದ ಹೊತ್ತಿನಲ್ಲಿಯೇ, ವೇಳೆ ಸಮೇತ, ಒಂದೊಂದು ಸಾಲಾಗಿ ಬರೆದಿಡುವ ಪುಸ್ತಕ. ಅತಿಥಿ ಯಂತ್ರವು ತನ್ನೊಳಗೆ ಬರೆದುಕೊಳ್ಳುವ ಲಾಗ್ ಅದರದೇ ಡಿಸ್ಕಿನಲ್ಲಿರುತ್ತದೆ. ಅದು ತುಂಬಿದರೆ ನಷ್ಟ ಆ ಅತಿಥಿಗೆ ಮಾತ್ರ. ನಮ್ಮ ವಿಷಯ ಅದಲ್ಲ. ಅತಿಥಿಯ ನಡತೆಯ ಕಾರಣದಿಂದ ಆತಿಥೇಯನು ತನ್ನ ಪುಸ್ತಕದಲ್ಲಿ ಬರೆಯುವ ಸಾಲುಗಳಿವೆಯಲ್ಲ, ಅವೇ ತೊಡಕಿನವು. ಛತ್ರವೊಂದನ್ನು ನೆನೆದುಕೊಳ್ಳಬಹುದು. ಇಳಿದುಕೊಂಡವರು ಕದ ತಟ್ಟಿದಾಗಲೆಲ್ಲ ಪಾರುಪತ್ತೇದಾರನು ತನ್ನ ದಫ್ತರದಲ್ಲಿ ಒಂದು ಸಾಲು ಬರೆಯಬೇಕೆಂದು ನಿಯಮ ಮಾಡಿದರೆ, ಒಬ್ಬನೇ ಒಬ್ಬ ತುಂಟ ಅತಿಥಿ ರಾತ್ರಿಯಿಡೀ ಕದ ತಟ್ಟುತ್ತ ಕುಳಿತು ದಫ್ತರವನ್ನೂ ಮುಗಿಸಬಹುದು, ಬರೆಯುವವನನ್ನೂ ದಣಿಸಬಹುದು. ಉಳಿದ ಕೋಣೆಯವರು ಕರೆದರೆ ಆಗ ಓಗೊಡುವವರು ಯಾರು?

ಅತಿಥಿಯು ಹೇಗೆ ಬರೆಸುತ್ತದೆ

ನಟಿಸಿದ ಸಾಧನಕ್ಕೆ ಅತಿಥಿಯು ಅರ್ಥವಿಲ್ಲದ ಆಜ್ಞೆ ಕೊಟ್ಟಾಗ, ಇಲ್ಲದ ರಿಜಿಸ್ಟರನ್ನು ಓದಲು ಹೋದಾಗ, ಇನ್ನೂ ಅಳವಡಿಸದ ಸೌಲಭ್ಯವನ್ನು ಕೇಳಿದಾಗ, ಆ ಪ್ರೋಗ್ರಾಮನ್ನು ಬರೆದವರು ಸಹಜವಾಗಿಯೇ ಒಂದು ಎಚ್ಚರಿಕೆಯ ಸಾಲನ್ನು ಮುದ್ರಿಸುತ್ತಾರೆ. ತಂತ್ರಾಂಶವನ್ನು ಕಟ್ಟುವ ದಿನಗಳಲ್ಲಿ ಅದು ಬಹಳ ಉಪಯುಕ್ತ. ಆದರೆ ಕಟ್ಟಿದವನ ಮೇಜಿನ ಮೇಲೆ ದಿನಕ್ಕೆ ಹತ್ತು ಬಾರಿ ಕಂಡ ಸಾಲು, ಬಳಸುವವನ ಸರ್ವರಿನಲ್ಲಿ ಸೆಕೆಂಡಿಗೆ ಸಾವಿರಾರು ಬಾರಿ ಬರಬಹುದು. ಯಂತ್ರಕ್ಕೆ ಬೇಸರವೆಂಬುದಿಲ್ಲ. ತಪ್ಪು ಆಜ್ಞೆಯೊಂದು ಸುತ್ತುಸುತ್ತಿ ಬರುವ ಕುಣಿಕೆಯಲ್ಲಿ ಸಿಕ್ಕಿಕೊಂಡರೆ ಅದು ನಿಲ್ಲುವುದಿಲ್ಲ.

ಲೆಕ್ಕ ಹಾಕಿ ನೋಡೋಣ. ಒಂದು ಸಾಲಿಗೆ 100 ಬೈಟ್ ಎಂದುಕೊಳ್ಳಿ. ಸೆಕೆಂಡಿಗೆ 10,000 ಸಾಲು ಬಂದರೆ ಸೆಕೆಂಡಿಗೆ ಸುಮಾರು ಒಂದು ಮೆಗಾಬೈಟ್, ಗಂಟೆಗೆ 3.6 ಗಿಗಾಬೈಟ್, ದಿನಕ್ಕೆ 86 ಗಿಗಾಬೈಟ್‌ಗೂ ಮಿಕ್ಕಿ ಆಯಿತು. ಶನಿವಾರ ಸಂಜೆ ಬೀಗ ಹಾಕಿ ಸೋಮವಾರ ಬೆಳಿಗ್ಗೆ ತೆರೆಯುವ ಕಚೇರಿಯಲ್ಲಿ ಯಾರಿಗೂ ತಿಳಿಯದಂತೆ ನೂರೈವತ್ತು ಗಿಗಾಬೈಟ್ ಕರಗಲು ಇಷ್ಟು ಸಾಕು.

ಇದಕ್ಕೆ ದುರುದ್ದೇಶವೇ ಬೇಕೆಂದಿಲ್ಲ. ವಿಂಡೋಸ್ ಅತಿಥಿಯೊಳಗೆ ಯಾರೋ ಪ್ರೊಸೆಸರಿನ ತಾಪಮಾನ ತೋರಿಸುವ ಸಣ್ಣ ತಂತ್ರಾಂಶವೊಂದನ್ನು ಹಾಕಿಕೊಂಡಿರುತ್ತಾರೆ. ಅದು ಪ್ರೊಸೆಸರಿನ ವಿಶೇಷ ರಿಜಿಸ್ಟರುಗಳನ್ನು ಮತ್ತೆ ಮತ್ತೆ ಓದಲು ಹೋಗುತ್ತದೆ. ವರ್ಚುವಲ್ ಪ್ರೊಸೆಸರಿನಲ್ಲಿ ಅಂಥ ರಿಜಿಸ್ಟರು ಇರುವುದಿಲ್ಲ. ಆತಿಥೇಯ ಲಿನಕ್ಸಿನ ಕೆವಿಎಂ, ಇಂಥ ಅತಿಥಿಯ ಇಂಥ ಪ್ರೊಸೆಸರು ಇಲ್ಲದ ರಿಜಿಸ್ಟರನ್ನು ಕೇಳಿತೆಂದು ಕರ್ನಲ್ ಲಾಗಿನಲ್ಲಿ ಬರೆಯುತ್ತದೆ. ಸರ್ವರ್ ನೋಡಿಕೊಳ್ಳುವವರು ಈ ಸಾಲನ್ನು ಕಂಡು ಯಂತ್ರವೇ ಕೆಟ್ಟಿತೆಂದು ಗಾಬರಿಗೊಳ್ಳುವುದುಂಟು. ಬಹುಪಾಲು ಸಂದರ್ಭಗಳಲ್ಲಿ ಅದು ನಿರುಪದ್ರವಿ. ಕೆವಿಎಂನಲ್ಲಿ ಇಂಥ ಓದನ್ನು ಕಡೆಗಣಿಸುವುದಕ್ಕೂ, ಕಡೆಗಣಿಸಿದ್ದನ್ನು ವರದಿ ಮಾಡದಿರುವುದಕ್ಕೂ ಪ್ರತ್ಯೇಕ ಸೆಟ್ಟಿಂಗುಗಳಿವೆ. ಆದರೆ ಕಾರಣವಾದ ತಂತ್ರಾಂಶವನ್ನು ಅತಿಥಿಯಿಂದ ತೆಗೆಯುವುದೇ ಸರಿಯಾದ ದಾರಿ. ವರ್ಚುವಲ್ ಪ್ರೊಸೆಸರಿನ ಜ್ವರ ಅಳೆಯುವುದರಿಂದ ಯಾರಿಗೂ ಪ್ರಯೋಜನವಿಲ್ಲ.

ಸೀರಿಯಲ್ ಪೋರ್ಟಿನದು ಇನ್ನೂ ಸರಳವಾದ ದಾರಿ. ಅತಿಥಿಯ ಸೀರಿಯಲ್ ಪೋರ್ಟಿನಿಂದ ಹೊರಬರುವುದನ್ನೆಲ್ಲ ಆತಿಥೇಯನ ಒಂದು ಕಡತಕ್ಕೆ ಬರೆಯುವಂತೆ ಹೊಂದಿಸಿರುವವರು ಉಂಟು. ದೋಷ ಹುಡುಕಲು ಅನುಕೂಲವಾಗಲೆಂದು ಹಾಗೆ ಮಾಡಿ, ಅನಂತರ ಮರೆತಿರುತ್ತಾರೆ. ಅಲ್ಲಿ ಅತಿಥಿಯು ಯಾವ ತಪ್ಪನ್ನೂ ಮಾಡಬೇಕಾಗಿಲ್ಲ. ಸುಮ್ಮನೆ ಬರೆಯುತ್ತ ಹೋದರೆ ಆತಿಥೇಯನ ಕಡತ ಬೆಳೆಯುತ್ತ ಹೋಗುತ್ತದೆ.

2015ರ ಪಾಠಗಳು

ಈ ದೋಷವು ಕೇವಲ ಪುಸ್ತಕದ ಬದನೆಕಾಯಿಯಲ್ಲ ಎಂಬುದಕ್ಕೆ ಜೆನ್ ಯೋಜನೆಯ ಭದ್ರತಾ ಪ್ರಕಟಣೆಗಳೇ ಸಾಕ್ಷಿ. ಆ ಯೋಜನೆಯವರು ತಮ್ಮ ತಂತ್ರಾಂಶದಲ್ಲಿ ಕಂಡ ದೋಷಗಳಿಗೆ ಕ್ರಮಸಂಖ್ಯೆ ಕೊಟ್ಟು ಬಹಿರಂಗವಾಗಿ ಪ್ರಕಟಿಸುತ್ತಾರೆ. 2015ರ ಜನವರಿಯಲ್ಲಿ ಬಂದ 118ನೇ ಪ್ರಕಟಣೆಯು ಎಆರ್‌ಎಂ ಪ್ರೊಸೆಸರುಗಳ ಜೆನ್‌ನಲ್ಲಿ, ಇಂಟರಪ್ಟುಗಳನ್ನು ನಟಿಸುವ ಭಾಗವು ಅತಿಥಿಯ ನಡತೆಗೆ ಪ್ರತಿಯಾಗಿ ಮಿತಿಯಿಲ್ಲದೆ ಸಂದೇಶ ಬರೆಯುತ್ತಿತ್ತೆಂದು ತಿಳಿಸಿತು. ಅದೇ ವರ್ಷದ ಜೂನ್ ತಿಂಗಳ 130ನೇ ಪ್ರಕಟಣೆಯು, ಅತಿಥಿಗೆ ನೇರವಾಗಿ ಒಪ್ಪಿಸಿದ ಪಿಸಿಐ ಕಾರ್ಡುಗಳ ವಿಷಯದಲ್ಲಿ ಕ್ಯುಎಂಯು ಬರೆಯುವ ದೋಷಸಂದೇಶಗಳಿಂದ ಆತಿಥೇಯನ ಡಿಸ್ಕೇ ತುಂಬಬಹುದೆಂದು ಎಚ್ಚರಿಸಿತು. ಅಕ್ಟೋಬರಿನಲ್ಲಿ 146 ಮತ್ತು 152 ಎಂಬ ಇನ್ನೆರಡು ಬಂದವು. ಒಂದು, ಎಆರ್‌ಎಂನಲ್ಲಿ ಅಳವಡಿಸದ ಕರೆಗಳನ್ನು ಕುರಿತದ್ದು. ಮತ್ತೊಂದು, ಇಂಟೆಲ್ ಬಗೆಯ ಯಂತ್ರಗಳಲ್ಲಿ ಕಾರ್ಯಕ್ಷಮತೆ ಅಳೆಯುವ ಕರೆಗಳನ್ನು ಕುರಿತದ್ದು. ನಾಲ್ಕರ ಸಾರವೂ ಒಂದೇ: ಬರೆಯುವುದು ತಪ್ಪಲ್ಲ, ಲೆಕ್ಕವಿಲ್ಲದೆ ಬರೆಯುವುದು ತಪ್ಪು.

ಹೈಪರ್‌ವೈಸರಿನ ಸಂದೇಶಗಳಲ್ಲಿ ಡಿಸ್ಕಿನ ಪ್ರಶ್ನೆಯಷ್ಟೇ ಅಲ್ಲ, ವೇಗದ ಪ್ರಶ್ನೆಯೂ ಇದೆ. ಅವು ಅನೇಕ ವೇಳೆ ಸೀರಿಯಲ್ ಕನ್ಸೋಲಿಗೆ ಹೋಗುತ್ತವೆ. ಸೆಕೆಂಡಿಗೆ 1,15,200 ಬಿಟ್ ವೇಗದ ಕನ್ಸೋಲು ಸುಮಾರು 11,500 ಅಕ್ಷರಗಳನ್ನಷ್ಟೇ ಸಾಗಿಸಬಲ್ಲದು. ನೂರು ಅಕ್ಷರದ ಒಂದು ಸಾಲಿಗೆ 9 ಮಿಲಿಸೆಕೆಂಡು ಹಿಡಿಯಿತೆಂದಾಯಿತು. ಗಣಕಯಂತ್ರದ ದೃಷ್ಟಿಯಲ್ಲಿ ಇದು ಯುಗದಷ್ಟು ದೀರ್ಘಕಾಲ. ಕನ್ಸೋಲು ಖಾಲಿಯಾಗುವುದನ್ನೇ ಕಾಯುತ್ತ ಹೈಪರ್‌ವೈಸರು ನಿಂತರೆ, ಡಿಸ್ಕಿನಲ್ಲಿ ಎಷ್ಟೇ ಜಾಗವಿದ್ದರೂ ಉಳಿದ ಅತಿಥಿಗಳು ತೆವಳತೊಡಗುತ್ತವೆ.

ಎಲ್ಲಕ್ಕಿಂತ ಕುತೂಹಲಕರವಾದದ್ದು 2016ರ ಮೇ ತಿಂಗಳ 180ನೇ ಪ್ರಕಟಣೆ. ಜೆನ್‌ನ ನಿರ್ವಹಣಾ ತಂತ್ರಾಂಶವು ಕ್ಯುಎಂಯುವನ್ನು ಆರಂಭಿಸುವಾಗ, ಅದು ಹೊರಗೆ ಹಾಕುವ ದೋಷಸಂದೇಶಗಳನ್ನೆಲ್ಲ ಲಾಗ್ ಕೋಶದ ಒಂದು ಕಡತಕ್ಕೆ ಹರಿಸುತ್ತಿತ್ತು. ಆ ಕಡತಕ್ಕೆ ಯಾವ ಮಿತಿಯೂ ಇರಲಿಲ್ಲ. ಹಾಗಾಗಿ ಕ್ಯುಎಂಯುವಿನ ಒಳಗೆ ಎಲ್ಲೆಲ್ಲಿ ಮಿತಿಯಿಲ್ಲದ ಸಂದೇಶವಿದೆಯೋ ಅಷ್ಟೂ ಕಡೆಗಳಿಂದ ಡಿಸ್ಕು ತುಂಬಿಸಲು ಅವಕಾಶವಿತ್ತು. ಒಂದೊಂದನ್ನೇ ಹುಡುಕಿ ಸರಿಪಡಿಸುವುದು ಮುಗಿಯದ ಕೆಲಸ. ಕೊನೆಗೆ ಅವರು ಕೈಗೊಂಡ ಪರಿಹಾರ ಬಹಳ ಒರಟಾದದ್ದು. ಕ್ಯುಎಂಯು ತನ್ನ ಮುಖ್ಯ ಸುತ್ತನ್ನು ಸುತ್ತಿದಾಗಲೆಲ್ಲ ಆ ಕಡತದ ಗಾತ್ರವನ್ನು ನೋಡುತ್ತದೆ. ಒಂದು ಮೆಗಾಬೈಟ್ ಮೀರಿತೆಂದರೆ ಮುಂದಿನ ಬರಹವನ್ನೆಲ್ಲ ಶೂನ್ಯಕ್ಕೆ, ಅಂದರೆ ಕಸದ ಬುಟ್ಟಿಗೆ, ತಿರುಗಿಸಿಬಿಡುತ್ತದೆ. ಪರಿಹಾರ ರೂಪಿಸಿದವರೇ ಇದು ಚೆಲುವಾದ ತಿದ್ದುಪಡಿಯಲ್ಲವೆಂದು ಒಪ್ಪಿಕೊಂಡಿದ್ದರು. ಆದರೆ ನೋಡಿದ ಕೂಡಲೇ ಸರಿಯೆಂದು ತಿಳಿಯುವಷ್ಟು ಸರಳವಾಗಿತ್ತು, ಬೇರೇನನ್ನೂ ಕೆಡಿಸುವ ಅಪಾಯವೂ ಕಡಿಮೆಯಿತ್ತು. ಭದ್ರತೆಯ ವಿಷಯದಲ್ಲಿ ಇಂಥ ಒರಟುತನ ಎಷ್ಟೋ ಬಾರಿ ಜಾಣತನಕ್ಕಿಂತ ಮೇಲು ಎಂಬುದು ಈ ಲೇಖಕನ ಅಭಿಪ್ರಾಯ. ಆದರೆ ಇದರ ಬೆಲೆಯನ್ನೂ ಮರೆಯಬಾರದು. ಪ್ರವಾಹ ಬಂದು ಹೋದ ಮೇಲೆ ನಿಜವಾದ ದೋಷವೊಂದು ಕಂಡರೂ ಅದನ್ನು ಬರೆಯಲು ಪುಸ್ತಕದಲ್ಲಿ ಹಾಳೆ ಉಳಿದಿರುವುದಿಲ್ಲ.

ಕೆವಿಎಂ ಬಳಸುವವರಲ್ಲಿ ಹೆಚ್ಚಿನವರು ಲಿಬ್‌ವರ್ಟ್ ಎಂಬ ನಿರ್ವಹಣಾ ತಂತ್ರಾಂಶದ ಮೂಲಕವೇ ಕ್ಯುಎಂಯುವನ್ನು ನಡೆಸುತ್ತಾರೆ. ಅಲ್ಲಿಯೂ ಇದೇ ದೋಷವಿತ್ತು. 2015ರ ಡಿಸೆಂಬರಿನಲ್ಲಿ ಬಂದ ಲಿಬ್‌ವರ್ಟ್ 1.3.0 ಆವೃತ್ತಿಯಲ್ಲಿ ವರ್ಟ್‌ಲಾಗ್‌ಡಿ ಎಂಬ ಪ್ರತ್ಯೇಕ ಗುಮಾಸ್ತನನ್ನು ನೇಮಿಸಿದರು. ಅಂದಿನಿಂದ ಕ್ಯುಎಂಯು ತಾನೇ ಕಡತ ತೆರೆದು ಬರೆಯುವುದಿಲ್ಲ. ಗುಮಾಸ್ತನ ಕೈಗೆ ಹೇಳುತ್ತದೆ, ಅವನು ಬರೆಯುತ್ತಾನೆ. ಕಡತವು 2 ಮೆಗಾಬೈಟ್ ಮುಟ್ಟಿದೊಡನೆ ಅದನ್ನು ಬದಿಗಿಟ್ಟು ಹೊಸದನ್ನು ತೆರೆಯುತ್ತಾನೆ. ಹಳೆಯವುಗಳಲ್ಲಿ ಮೂರನ್ನು ಮಾತ್ರ ಉಳಿಸಿಕೊಳ್ಳುತ್ತಾನೆ. ಬರೆಯುತ್ತಿರುವ ಒಂದು, ಹಳೆಯವು ಮೂರು, ಒಟ್ಟು ಒಂದು ಅತಿಥಿಗೆ ಸುಮಾರು 8 ಮೆಗಾಬೈಟ್. ಅತಿಥಿ ಎಷ್ಟೇ ಕೂಗಾಡಿದರೂ ಇದಕ್ಕಿಂತ ಹೆಚ್ಚು ಜಾಗ ತಿನ್ನಲಾರದು. ಈ ಎರಡು ಅಂಕಿಗಳನ್ನೂ ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು. ಆದರೆ ಕ್ಯುಎಂಯುವನ್ನು ಲಿಬ್‌ವರ್ಟ್ ಇಲ್ಲದೆ ಕೈಯಿಂದಲೇ ನಡೆಸುವವರಿಗೆ ಈ ಗುಮಾಸ್ತನ ಸೇವೆ ದೊರೆಯದು. ಲಿಬ್‌ವರ್ಟ್‌ನಲ್ಲಿಯೂ ಸಂದೇಶಗಳು ನೇರವಾಗಿ ಕಡತಕ್ಕೆ ಹೋಗುವಂತೆ ಬದಲಿಸಲು ಒಂದು ಸೆಟ್ಟಿಂಗ್ ಇದೆ; ಯಾರಾದರೂ ಅದನ್ನು ಬದಲಿಸಿದ್ದರೆ ಹಳೆಯ ಅಪಾಯ ಮತ್ತೆ ಬಾಗಿಲಲ್ಲಿ ನಿಂತಿರುತ್ತದೆ.

ಮಿತಿ ಹಾಕುವ ವಿಧಾನಗಳು

ತಂತ್ರಾಂಶ ಬರೆಯುವವರು ಇದನ್ನು ಹಲವು ಬಗೆಯಲ್ಲಿ ನಿಭಾಯಿಸುತ್ತಾರೆ. ಕ್ಯುಎಂಯುವಿನಲ್ಲಿ ಅತಿಥಿಯ ತಪ್ಪುಗಳಿಗೆಂದೇ ಒಂದು ವರ್ಗ, ಅಳವಡಿಸದ ಸೌಲಭ್ಯಗಳಿಗೆಂದೇ ಮತ್ತೊಂದು ವರ್ಗ ಇದೆ. ಈ ಎರಡು ವರ್ಗದ ಸಂದೇಶಗಳು ತಾವಾಗಿಯೇ ಮುದ್ರಣವಾಗುವುದಿಲ್ಲ. ದೋಷ ಹುಡುಕುವವನು ಕೇಳಿದರೆ ಮಾತ್ರ ಕಾಣಿಸುತ್ತವೆ. ಇದು ಉತ್ತಮ ಪದ್ಧತಿ. ಒಮ್ಮೆ ಮಾತ್ರ ಹೇಳಿ ಸುಮ್ಮನಾಗುವ ಬಗೆಯ ಸಂದೇಶಗಳೂ ಇವೆ. ಹಳೆಯ ಕೆಲವು ಸಾಧನಗಳ ಪ್ರೋಗ್ರಾಮುಗಳಲ್ಲಿ ಅತಿಥಿ ತಪ್ಪು ಮಾಡಿದ ಕೂಡಲೇ ಇಡೀ ವರ್ಚುವಲ್ ಮಷಿನನ್ನೇ ನಿಲ್ಲಿಸಿಬಿಡುವ ಕ್ರಮವೂ ಇತ್ತು. ಅತಿಥಿಯ ಒಡೆಯನೇ ಹಾಗೆ ಮಾಡಿಕೊಂಡರೆ ಅದು ಅವನ ಪಾಡು. ಆದರೆ ಗ್ರಾಹಕನ ಲೆಕ್ಕ ಬರೆಯುತ್ತಿರುವ ಯಂತ್ರವು ಡ್ರೈವರಿನ ಒಂದು ಸಣ್ಣ ತಪ್ಪಿಗೆ ಸತ್ತು ಬೀಳುವುದು ಯಾರಿಗೆ ಇಷ್ಟವಾದೀತು? ಓರಾಕಲ್‌ನ ವರ್ಚುವಲ್‌ಬಾಕ್ಸ್‌ನಲ್ಲಿ ಒಂದು ಸಂದೇಶವನ್ನು ಇಷ್ಟು ಬಾರಿಗಿಂತ ಹೆಚ್ಚು ಬರೆಯಬಾರದೆಂದು ಸಂದೇಶದ ಜೊತೆಯಲ್ಲಿಯೇ ಸಂಖ್ಯೆಯನ್ನು ನಮೂದಿಸುವ ಕ್ರಮವಿದೆ.

ಲಿನಕ್ಸ್ ಕರ್ನಲ್ ಮತ್ತು ಜೆನ್ ಎರಡರಲ್ಲಿಯೂ ಬಳಕೆಯಲ್ಲಿರುವುದು ವೇಗಮಿತಿ. ಎರಡರ ಮೂಲ ಲೆಕ್ಕವೂ ಒಂದೇ: 5 ಸೆಕೆಂಡಿಗೆ 10 ಸಂದೇಶ. ಸರಾಸರಿ ಸೆಕೆಂಡಿಗೆ ಎರಡು, ದಿನಕ್ಕೆ 1,72,800 ಸಾಲು. ನೂರು ಬೈಟಿನ ಸಾಲಾದರೆ 17 ಮೆಗಾಬೈಟ್ ಚಿಲ್ಲರೆ. 86 ಗಿಗಾಬೈಟ್ ಎಲ್ಲಿ, 17 ಮೆಗಾಬೈಟ್ ಎಲ್ಲಿ! ಜೆನ್‌ನಲ್ಲಿ ಅತಿಥಿಯ ಕಾರಣದಿಂದ ಹುಟ್ಟುವ ಸಂದೇಶಗಳಿಗೆ ಪ್ರತ್ಯೇಕ ಮಟ್ಟವಿದ್ದು, ಬದಲಾಯಿಸದಿದ್ದರೆ ಎಚ್ಚರಿಕೆಯ ಮಟ್ಟದವು ಮತ್ತು ಅದಕ್ಕಿಂತ ಗಂಭೀರವಾದವು ಮಾತ್ರ, ಅದೂ ವೇಗಮಿತಿಗೆ ಒಳಪಟ್ಟು ದಾಖಲಾಗುತ್ತವೆ. ದೋಷ ಹುಡುಕಲೆಂದು ಈ ಮಟ್ಟವನ್ನು ಏರಿಸಿದವರು ಕೆಲಸ ಮುಗಿದ ಮೇಲೆ ಇಳಿಸಬೇಕು. ಇಳಿಸದೆ ಬಿಟ್ಟ ಸರ್ವರುಗಳೇ ತೊಂದರೆಗೆ ಸಿಲುಕುವಂಥವು.

ವೇಗಮಿತಿಯಲ್ಲಿ ಒಂದು ಸೂಕ್ಷ್ಮವಿದೆ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಲಿನಕ್ಸ್ ಕರ್ನಲಿನಲ್ಲಿ ಈ ಲೆಕ್ಕವನ್ನು ಸಾಮಾನ್ಯವಾಗಿ ಪ್ರೋಗ್ರಾಮಿನ ಒಂದೊಂದು ಸ್ಥಳಕ್ಕೆ ಇಡಲಾಗುತ್ತದೆಯೇ ಹೊರತು ಒಂದೊಂದು ಅತಿಥಿಗೆ ಅಲ್ಲ. ನಾಲ್ಕು ಅತಿಥಿಗಳಿರುವ ಸರ್ವರಿನಲ್ಲಿ ಒಂದು ಅತಿಥಿ ಕೂಗಾಡಿ ಹತ್ತು ಸಾಲಿನ ಪಾಲನ್ನು ತಾನೇ ಮುಗಿಸಿದರೆ, ಅದೇ ಸ್ಥಳದಿಂದ ಬರಬೇಕಾದ ಮತ್ತೊಂದು ಅತಿಥಿಯ ಸಂದೇಶ ದಾಖಲಾಗುವುದೇ ಇಲ್ಲ. ಜೆನ್‌ನಲ್ಲಂತೂ ಎಲ್ಲರಿಗೂ ಸೇರಿ ಒಂದೇ ಲೆಕ್ಕ. ಸಂತೆಯಲ್ಲಿ ಗಟ್ಟಿ ಗಂಟಲಿನವನ ಮಾತು ಮಾತ್ರ ಕೇಳಿಸಿದಂತೆ. ಆದುದರಿಂದ ಲಾಗಿನಲ್ಲಿ ಒಂದು ಅತಿಥಿಯ ಹೆಸರು ಕಾಣಲಿಲ್ಲವೆಂದ ಮಾತ್ರಕ್ಕೆ ಅದು ಸುಖವಾಗಿದೆಯೆಂದು ತೀರ್ಮಾನಿಸಬಾರದು. ಹೀಗೆ ಕೈಬಿಟ್ಟ ಸಂದೇಶಗಳೆಷ್ಟು ಎಂಬುದನ್ನು ಲಿನಕ್ಸ್ ಮತ್ತು ಜೆನ್ ಎರಡೂ ಅನಂತರ ಒಂದು ಸಾಲಿನಲ್ಲಿ ತಿಳಿಸುತ್ತವೆ. ಲಾಗ್ ಓದುವವರು ಸಾಮಾನ್ಯವಾಗಿ ಹಾರಿಸಿಬಿಡುವ ಆ ಸಾಲೇ ನಿಜವಾಗಿ ಮುಖ್ಯವಾದದ್ದು. ಅಲ್ಲಿನ ಅಂಕಿ ಹತ್ತಿಪ್ಪತ್ತು ಇದ್ದರೆ ಚಿಂತೆಯಿಲ್ಲ. ಸಾವಿರಗಳಲ್ಲಿದ್ದರೆ ಆ ದಿನವೇ ಕಾರಣ ಹುಡುಕಬೇಕು.

ಡಿಸ್ಕು ತುಂಬಿದಾಗ

ಆತಿಥೇಯನ ಡಿಸ್ಕು ತುಂಬಿದರೆ ಲಾಗ್ ನಿಲ್ಲುತ್ತದೆ, ಅಷ್ಟೇ ತಾನೆ ಎಂದು ಕೇಳುವವರುಂಟು. ಅಷ್ಟೇ ಅಲ್ಲ. ಸಣ್ಣ ಕಚೇರಿಗಳ ಸರ್ವರಿನಲ್ಲಿ ಬಹುಮಟ್ಟಿಗೆ ಇಡೀ ಡಿಸ್ಕಿಗೆ ಒಂದೇ ವಿಭಾಗ ಮಾಡಿರುತ್ತಾರೆ. ಲಾಗ್ ಕಡತಗಳೂ, ಅತಿಥಿ ಯಂತ್ರಗಳ ಡಿಸ್ಕ್ ಕಡತಗಳೂ ಒಂದೇ ಜಾಗದಲ್ಲಿ ಇರುತ್ತವೆ. ಅತಿಥಿಯ ಡಿಸ್ಕು 200 ಗಿಗಾಬೈಟ್ ಎಂದು ಹೇಳಿದ್ದರೂ ಅದು ಬೆಳೆಯುವ ಬಗೆಯದಾಗಿದ್ದರೆ, ಬರೆದಂತೆಲ್ಲ ಮಾತ್ರ ಆತಿಥೇಯನಿಂದ ಜಾಗ ಪಡೆಯುತ್ತದೆ. ಜಾಗ ಮುಗಿದಾಗ ಕ್ಯುಎಂಯು ಮೂಲ ಹೊಂದಾಣಿಕೆಯಂತೆ ಬರೆಯಲು ಹೋದ ಅತಿಥಿಯನ್ನು ವಿರಾಮ ಸ್ಥಿತಿಯಲ್ಲಿ ನಿಲ್ಲಿಸುತ್ತದೆ. ವಿಎಂವೇರ್ ಮತ್ತು ವರ್ಚುವಲ್‌ಬಾಕ್ಸ್‌ಗಳೂ ಇಂಥ ಸಂದರ್ಭದಲ್ಲಿ ಯಂತ್ರವನ್ನು ತಡೆಹಿಡಿಯುತ್ತವೆ. ಅಂದರೆ ಹಾಜರಾತಿಯ ಯಂತ್ರ ಲಾಗ್ ತುಂಬಿಸಿತು. ನಿಂತದ್ದು ಬಿಲ್ಲಿಂಗ್ ಯಂತ್ರ! ತಿಂಗಳ 20ನೆಯ ತಾರೀಖಿನಂದು ಜಿಎಸ್‌ಟಿ ವಿವರಣೆ ಸಲ್ಲಿಸಲು ಕುಳಿತವನಿಗೆ ಪರದೆ ಕಲ್ಲಿನಂತೆ ನಿಂತಿರುತ್ತದೆ, ಕಾರಣ ಮಾತ್ರ ಬೇರೆ ಕೋಣೆಯಲ್ಲಿ ಇರುತ್ತದೆ.

ವಿರಾಮ ಸ್ಥಿತಿ ಎಂಬುದು ದಯೆಯ ಏರ್ಪಾಡೆಂದೇ ಹೇಳಬೇಕು. ದತ್ತಾಂಶ ಕೆಡುವುದಿಲ್ಲ, ಜಾಗ ಮಾಡಿಕೊಟ್ಟು ಮುಂದುವರಿಸಿದರೆ ನಿಂತಲ್ಲಿಂದಲೇ ನಡೆಯುತ್ತದೆ. ಗಾಬರಿಯಲ್ಲಿ ಸರ್ವರಿನ ವಿದ್ಯುತ್ ಗುಂಡಿಯನ್ನು ಒತ್ತುವುದರಿಂದಲೇ ನಿಜವಾದ ಹಾನಿ. ಎರಡನೆಯ ಅಪಾಯ ಇನ್ನೂ ಬಗೆಯಾದದ್ದು. ಬೆಳೆದು ನಿಂತ ಲಾಗ್ ಕಡತವನ್ನು ಅಳಿಸುತ್ತಾರೆ. ಆದರೂ ಡಿಸ್ಕು ತುಂಬಿಯೇ ಇರುತ್ತದೆ. ಲಿನಕ್ಸಿನಲ್ಲಿ ಒಂದು ಕಡತವನ್ನು ಯಾವುದಾದರೂ ಪ್ರೋಗ್ರಾಮು ತೆರೆದುಕೊಂಡಿರುವವರೆಗೆ, ಅದರ ಹೆಸರು ಅಳಿದರೂ ಜಾಗ ಮರಳಿ ಬರುವುದಿಲ್ಲ. ಪಟ್ಟಿಯಲ್ಲಿ ಕಡತವಿಲ್ಲ, ಡಿಸ್ಕಿನಲ್ಲಿ ಇದೆ. ಇಂಥಲ್ಲಿ ಅಳಿಸುವ ಬದಲು ಕಡತದ ಗಾತ್ರವನ್ನು ಸೊನ್ನೆಗೆ ಇಳಿಸಬೇಕು. ಅಥವಾ ಅದನ್ನು ತೆರೆದುಕೊಂಡಿರುವ ಪ್ರೋಗ್ರಾಮನ್ನು ಮರಳಿ ಆರಂಭಿಸಬೇಕು. ಮೊದಲನೆಯದೇ ವಾಸಿ, ಏಕೆಂದರೆ ಎರಡನೆಯದರಲ್ಲಿ ಆ ಪ್ರೋಗ್ರಾಮು ಅತಿಥಿ ಯಂತ್ರವೇ ಆಗಿರಬಹುದು.

ನಮ್ಮ ಸದಸ್ಯರು ಸರ್ವರ್ ನೋಡಿಕೊಳ್ಳುವವರಿಗೆ ಹೇಳಿ ಮೊದಲು ಮಾಡಿಸಬೇಕಾದ ಕೆಲಸವೆಂದರೆ ಲಾಗ್‌ಗೆ ಪ್ರತ್ಯೇಕ ವಿಭಾಗ. ಹತ್ತು ಗಿಗಾಬೈಟಿನ ವಿಭಾಗ ಸಾಕು. ಅದು ತುಂಬಿದರೆ ಲಾಗ್ ನಿಂತೀತು, ವ್ಯಾಪಾರ ನಿಲ್ಲದು. ಲಿನಕ್ಸಿನ ಜರ್ನಲ್ ಎಂಬ ಲಾಗ್ ವ್ಯವಸ್ಥೆಯು ಮೂಲ ಹೊಂದಾಣಿಕೆಯಲ್ಲಿ ತಾನಿರುವ ವಿಭಾಗದ ಹತ್ತನೆಯ ಒಂದು ಪಾಲನ್ನು, ಹೆಚ್ಚೆಂದರೆ 4 ಗಿಗಾಬೈಟನ್ನು ಮೀರದಂತೆ ತನ್ನನ್ನು ತಾನೇ ಹಿಡಿತದಲ್ಲಿಟ್ಟುಕೊಳ್ಳುತ್ತದೆ. ಹಳೆಯ ಮಾದರಿಯ ಸಿಸ್‌ಲಾಗ್ ಕಡತಗಳಿಗೆ ಅಂಥ ಹಿಡಿತವಿಲ್ಲ. ಅವನ್ನು ಲಾಗ್‌ರೊಟೇಟ್ ಎಂಬ ಸಾಧನ ಸರದಿಯ ಮೇಲೆ ಬದಲಿಸುತ್ತದೆ, ಆದರೆ ಅದು ಏಳುವುದು ಸಾಮಾನ್ಯವಾಗಿ ದಿನಕ್ಕೊಮ್ಮೆ. ಗಾತ್ರದ ಮಿತಿಯನ್ನು ಬರೆದಿಟ್ಟರೂ ಅದು ಎದ್ದಾಗ ಮಾತ್ರ ಗಾತ್ರ ನೋಡುತ್ತದೆಯೇ ಹೊರತು ಮಲಗಿದ್ದಾಗ ಅಲ್ಲ. ಗಂಟೆಗೊಮ್ಮೆ ಏಳುವಂತೆ ಮಾಡಿಸಿಕೊಳ್ಳುವುದು ಕಷ್ಟವೇನಲ್ಲ. ವಿಎಂವೇರ್ ಇಎಸ್‌ಎಕ್ಸ್‌ಐ ಬಳಸುವವರಲ್ಲಿ ಪ್ರತಿ ಅತಿಥಿಯ ಲಾಗ್ ಅದರ ಡಿಸ್ಕಿನ ಜೊತೆಯಲ್ಲಿಯೇ, ಅದೇ ಕೋಶದಲ್ಲಿ ಇರುತ್ತದೆ. ಅಲ್ಲಿ ಒಂದು ಲಾಗಿನ ಗಾತ್ರಕ್ಕೂ ಉಳಿಸಬೇಕಾದ ಹಳೆಯ ಲಾಗುಗಳ ಸಂಖ್ಯೆಗೂ ಸೆಟ್ಟಿಂಗುಗಳಿದ್ದು, ಆ ಸಂಸ್ಥೆಯ ಭದ್ರತಾ ಕೈಪಿಡಿಗಳು ಅವೆರಡನ್ನೂ ನಿಗದಿಪಡಿಸಲು ಸಲಹೆ ಮಾಡಿವೆ. ಲಾಗನ್ನೇ ಪೂರ್ತಿ ನಿಲ್ಲಿಸುವ ಸೆಟ್ಟಿಂಗೂ ಇದೆ. ಅದನ್ನು ಮುಟ್ಟದಿರುವುದು ಮೇಲು, ತೊಂದರೆ ಬಂದ ದಿನ ಹಿಡಿದುಕೊಳ್ಳಲು ಒಂದು ಎಳೆಯೂ ಸಿಗದು. ವರ್ಚುವಲ್‌ಬಾಕ್ಸ್ ಅತಿಥಿಯನ್ನು ಆರಂಭಿಸಿದಾಗ ಹಿಂದಿನ ಲಾಗನ್ನು ಬದಿಗಿಟ್ಟು, ಹಳೆಯವುಗಳಲ್ಲಿ ಮೂರನ್ನು ಉಳಿಸಿಕೊಳ್ಳುತ್ತದೆ.

ಬರಹವನ್ನು ನಂಬಬಹುದೆ?

ಇದುವರೆಗೆ ಹೇಳಿದ್ದು ಪ್ರಮಾಣದ ಮಾತು. ಇನ್ನು ಒಳಗಿನ ವಿಷಯ. ಕೆಲವು ಸಂದೇಶಗಳಲ್ಲಿ ಅತಿಥಿಯೇ ಕೊಟ್ಟ ಅಕ್ಷರಗಳು ಹಾಗೆಯೇ ಸೇರಿಕೊಂಡಿರುತ್ತವೆ. ವರ್ಚುವಲ್‌ಬಾಕ್ಸ್‌ನಲ್ಲಿ ಅತಿಥಿಯು ಒಂದು ವಾಕ್ಯವನ್ನು ಕಳುಹಿಸಿ ಆತಿಥೇಯನ ಲಾಗಿನಲ್ಲಿ ಬರೆಸಲು ದಾರಿಯೇ ಇದೆ. ಅಂಥ ಸಾಲಿಗೆ ಇದು ಅತಿಥಿಯ ಲಾಗ್ ಎಂಬ ಶಿರೋನಾಮೆ ಇರುತ್ತದೆ. ಶಿರೋನಾಮೆ ಇರುವುದು ಸರಿಯಾದ ಕ್ರಮ. ಅದಿಲ್ಲದಿದ್ದರೆ, ಅಥವಾ ಅತಿಥಿ ಕಳುಹಿಸಿದ ಅಕ್ಷರಗಳ ನಡುವೆ ಹೊಸ ಸಾಲಿನ ಚಿಹ್ನೆಯನ್ನು ತಡೆಯದಿದ್ದರೆ, ಆತಿಥೇಯನೇ ಬರೆದಂತೆ ಕಾಣುವ ಖೊಟ್ಟಿ ಸಾಲುಗಳನ್ನು ಸೇರಿಸುವುದು ಸುಲಭ. ಬೇರೊಬ್ಬರ ಕೈಯಲ್ಲಿ ನಮ್ಮ ಕಿರ್ದಿ ಬರೆಸಿದ ಹಾಗೆ. ಲಾಗಿಗೆ ಬರುವ ಅಕ್ಷರಗಳು ಎಷ್ಟು ಅಪಾಯಕಾರಿಯಾಗಬಲ್ಲವು ಎಂಬುದನ್ನು 2021ರ ಡಿಸೆಂಬರಿನಲ್ಲಿ ಬಯಲಾದ ಲಾಗ್‌ಫೋರ್‌ಶೆಲ್ ದೋಷ ಇಡೀ ಜಗತ್ತಿಗೆ ತೋರಿಸಿತು. ಅಲ್ಲಿ ಲಾಗಿನಲ್ಲಿ ಬರೆಯುವ ವಾಕ್ಯದ ಮೂಲಕವೇ ಸರ್ವರಿನಲ್ಲಿ ಪರರ ಪ್ರೋಗ್ರಾಮು ನಡೆಸಲು ಸಾಧ್ಯವಾಗಿತ್ತು. ವಿಎಂವೇರ್‌ನ ನಿರ್ವಹಣಾ ತಂತ್ರಾಂಶವಾದ ವಿಸೆಂಟರ್ ಕೂಡ ಆ ದೋಷಕ್ಕೆ ಗುರಿಯಾದವುಗಳಲ್ಲಿ ಒಂದು.

ಕಾನೂನಿನ ಅಗತ್ಯ

ಜಾಗ ಉಳಿಸಲು ಲಾಗನ್ನು ಮೊಟಕುಗೊಳಿಸುವ ಮೊದಲು ಇನ್ನೊಂದು ಕಡೆಯೂ ನೋಡಬೇಕು. ಭಾರತ ಸರ್ಕಾರದ ಸಿಇಆರ್‌ಟಿ-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳಂತೆ, ಸಂಸ್ಥೆಗಳು ತಮ್ಮ ಎಲ್ಲ ಗಣಕ ವ್ಯವಸ್ಥೆಗಳ ಲಾಗುಗಳನ್ನು 180 ದಿನಗಳ ಕಾಲ ಭದ್ರವಾಗಿ ಇಡಬೇಕು; ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು; ಗಡಿಯಾರಗಳನ್ನು ನಿಗದಿತ ಸಮಯ ಸರ್ವರುಗಳಿಗೆ ಹೊಂದಿಸಿಕೊಂಡಿರಬೇಕು. ಸಣ್ಣ ಮತ್ತು ಮಧ್ಯಮ ಉದ್ದಿಮೆಗಳಿಗೆ ನೀಡಿದ್ದ ಕಾಲಾವಕಾಶ 2022ರ ಸೆಪ್ಟೆಂಬರ್ 25ಕ್ಕೆ ಮುಗಿಯಿತು. ಕಂಪನಿಗಳ ಲೆಕ್ಕಪತ್ರ ತಂತ್ರಾಂಶದಲ್ಲಿ ತಿದ್ದುಪಡಿಗಳ ಜಾಡು ಇರಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ; ಆದರೆ ಆ ಜಾಡು ಅತಿಥಿ ಯಂತ್ರದೊಳಗಿನ ದತ್ತಾಂಶದಲ್ಲಿ ಇರುತ್ತದಾದ್ದರಿಂದ ಆತಿಥೇಯನ ಲಾಗಿಗೆ ಹಾಕುವ ಮಿತಿ ಅದನ್ನು ಮುಟ್ಟುವುದಿಲ್ಲ.

ಇಲ್ಲಿ ಒಂದು ಇಕ್ಕಟ್ಟು ಉಂಟಾಗುತ್ತದೆ. ಅತಿಥಿಗೆ 8 ಮೆಗಾಬೈಟ್ ಮಿತಿ ಹಾಕಿದರೆ ಡಿಸ್ಕು ಉಳಿಯುತ್ತದೆ, ಆದರೆ ಒಂದು ರಾತ್ರಿಯ ಪ್ರವಾಹವು ಐದು ತಿಂಗಳ ಹಳೆಯ ಸಾಲುಗಳನ್ನೆಲ್ಲ ಹೊರದೂಡಿಬಿಡುತ್ತದೆ. ತನ್ನ ಜಾಡನ್ನು ಅಳಿಸಬೇಕೆನ್ನುವವನು ಲಾಗಿಗೆ ಕೈಹಾಕಬೇಕಾಗಿಯೇ ಇಲ್ಲ, ಬೇಡದ ಸಾಲುಗಳಿಂದ ಅದನ್ನು ತುಂಬಿಸಿದರೆ ಸಾಕು. ಇದಕ್ಕೆ ಪರಿಹಾರ ಮಿತಿಯನ್ನು ತೆಗೆಯುವುದಲ್ಲ. ಲಾಗಿನ ಪ್ರತಿಯನ್ನು ಆಗಿಂದಾಗಲೇ ಮತ್ತೊಂದು ಯಂತ್ರಕ್ಕೆ ಕಳುಹಿಸಿ ಅಲ್ಲಿ 180 ದಿನ ಇಡುವುದು, ಆ ಯಂತ್ರದಲ್ಲಿ ಒಂದೊಂದು ಮೂಲಕ್ಕೆ ಪ್ರತ್ಯೇಕ ಪಾಲು ನಿಗದಿ ಮಾಡುವುದು, ಇದೇ ಸರಿಯಾದ ಕ್ರಮ. ಕಚೇರಿಯಲ್ಲಿ ಮೂಲೆಗುಂಪಾದ ಹಳೆಯ ಗಣಕಯಂತ್ರವೊಂದು ಈ ಕೆಲಸಕ್ಕೆ ಸಾಕಾಗುತ್ತದೆ. ಅದು ಅದೇ ಸರ್ವರಿನೊಳಗಿನ ಇನ್ನೊಂದು ಅತಿಥಿ ಯಂತ್ರವಾಗಿರಬಾರದು ಎಂಬುದಷ್ಟೇ ಷರತ್ತು. ಈ ಷರತ್ತನ್ನು ಮರೆತು ಹೊಂದಿಸಿದರೆ, ಆತಿಥೇಯನ ಡಿಸ್ಕು ತುಂಬಿದ ದಿನ ಸಾಕ್ಷಿ ಹೇಳಬೇಕಾದವನೂ ವಿರಾಮ ಸ್ಥಿತಿಯಲ್ಲಿ ಮಲಗಿರುತ್ತಾನೆ.

ಪರೀಕ್ಷಿಸಿ ನೋಡುವ ಬಗೆ

ನಿರ್ವಹಣೆಯ ಗುತ್ತಿಗೆದಾರರು ಎಲ್ಲವೂ ಸರಿಯಿದೆ ಎನ್ನುತ್ತಾರೆ. ಪರೀಕ್ಷಿಸಿ ನೋಡುವುದು ನಮ್ಮ ಹಕ್ಕು. ಕೆಲಸಕ್ಕೆ ಬಾರದ ಒಂದು ಪುಟ್ಟ ಲಿನಕ್ಸ್ ಅತಿಥಿಯನ್ನು ನಿರ್ಮಿಸಿ, ನಿಜವಾದ ಅತಿಥಿಗಳ ಸೀರಿಯಲ್ ಪೋರ್ಟನ್ನು ಹೇಗೆ ಹೊಂದಿಸಿದೆಯೋ ಹಾಗೆಯೇ ಅದರದನ್ನೂ ಹೊಂದಿಸಿ, ಅದರೊಳಗಿನಿಂದ ಸೀರಿಯಲ್ ಪೋರ್ಟಿಗೆ ಒಂದೇ ಶಬ್ದವನ್ನು ಎಡೆಬಿಡದೆ ಬರೆಯುವ ಆಜ್ಞೆ ಕೊಡಿಸಿ. ಹತ್ತು ನಿಮಿಷ ಬಿಟ್ಟು ಆತಿಥೇಯನಲ್ಲಿ ಯಾವ ಕಡತ ಬೆಳೆದಿದೆ, ಎಷ್ಟಕ್ಕೆ ನಿಂತಿದೆ, ಉಳಿದ ಅತಿಥಿಗಳು ಎಂದಿನ ವೇಗದಲ್ಲಿ ಓಡುತ್ತಿವೆಯೇ ಎಂಬುದನ್ನು ನೋಡಿದರೆ ಸಾಕು. ಬೆಳೆಯುತ್ತಲೇ ಇರುವ ಕಡತವೊಂದು ಕಂಡರೆ ಅದರ ಹೆಸರು, ಹತ್ತು ನಿಮಿಷದಲ್ಲಿ ಬೆಳೆದ ಗಾತ್ರ, ಡಿಸ್ಕಿನಲ್ಲಿ ಉಳಿದಿರುವ ಜಾಗ, ಈ ಮೂರನ್ನು ಬರೆದು ಗುತ್ತಿಗೆದಾರರ ಮುಂದಿಡಬೇಕು. ಎಷ್ಟು ಗಂಟೆಯಲ್ಲಿ ಕಚೇರಿ ನಿಲ್ಲುತ್ತದೆಂಬ ಭಾಗಾಕಾರವನ್ನು ಅವರೇ ಮಾಡಿಕೊಳ್ಳುತ್ತಾರೆ. ಪರೀಕ್ಷೆ ಮುಗಿದೊಡನೆ ಆ ಅತಿಥಿಯನ್ನು ನಿಲ್ಲಿಸಿ, ಬೆಳೆದ ಕಡತದ ಗಾತ್ರವನ್ನು ಸೊನ್ನೆಗೆ ಇಳಿಸಿ, ಜಾಗ ಮರಳಿ ಬಂದಿದೆಯೆಂದು ಖಚಿತಪಡಿಸಿಕೊಂಡು ಹೊರಡಬೇಕು. ಇದಕ್ಕೆ ತಿಂಗಳ ಕೊನೆಯ ವಾರದ ಒಂದು ಸಂಜೆಯನ್ನು ಆರಿಸಿಕೊಳ್ಳುವುದು ಒಳಿತು. ಅಷ್ಟರಲ್ಲಿ ಜಿಎಸ್‌ಟಿಯ ತಾರೀಖುಗಳು ಕಳೆದಿರುತ್ತವೆ, ಸಂಬಳದ ಲೆಕ್ಕ ಇನ್ನೂ ಆರಂಭವಾಗಿರುವುದಿಲ್ಲ.